ತಲೆ ಮುಂದಾಗಿ

ಕದಿರೇಶನ ಮೈ ಹಗುರ. ಆ ಒಂದೇ ಕಾರಣಕ್ಕೆ ಅವನು ಮುಳಬಾಗಿಲು ದವಾಖಾನೆಯ ಹಿತ್ತಲಲ್ಲಿ ದಿನಾ ಬೆಳಗ್ಗೆ ರೋಗಿಯಾಗಬೇಕಿತ್ತು.

ಎರಡನೇ ಮಹಾಯುದ್ಧ ಶುರುವಾದ ಮೇಲೆ ನಂಗಲಿ ಕಡೆಯಿಂದ ಮಿಲಿಟರಿ ಲಾರಿಗಳು ಸಾಲುಸಾಲಾಗಿ ಬರುತ್ತಿದ್ದವು. ಅವುಗಳ ಸದ್ದಿಗೆ ಎತ್ತು ಬೆದರುವುದು, ಗಾಡಿ ಹಳ್ಳಕ್ಕೆ ಮಗುಚುವುದು, ಸಂತೆಗೆ ಹೊರಟವರು ಕೈಕಾಲು ಮುರಿದುಕೊಳ್ಳುವುದು ಮಾಮೂಲಾಯಿತು. ಗಾಯವಾದವರನ್ನು ಹುಲ್ಲು ಹಾಸಿದ ಗಾಡಿಯಲ್ಲಿ ಕುಲುಕಿಸುತ್ತ ತರುವಷ್ಟರಲ್ಲಿ ಅರ್ಧ ಜೀವ ದಾರಿಯಲ್ಲೇ ಸೋರಿಹೋಗಿರುತ್ತಿತ್ತು. ಊರಿನ ಹಿರಿಯರು ಸೇರಿ ಹಳೇ ಬಸ್ಸೊಂದನ್ನು ಹಿಡಿದು, ಸೀಟು ಕೀಳಿಸಿ, ಒಳಗೆ ಹಲಗೆ ಹಾಕಿಸಿ, ಮೈಗೆ ಬಿಳಿ ಬಣ್ಣ ಬಳಿಸಿ ದವಾಖಾನೆಗೆ ಕೊಟ್ಟರು. ಪೆಟ್ರೋಲಿಗೆ ಬರಗಾಲ. ಹಾಗಾಗಿ ವ್ಯಾನಿನ ಬೆನ್ನಿಗೆ ಒಂದು ಕಬ್ಬಿಣದ ಒಲೆ ಕಟ್ಟಿದ್ದರು. ಅದಕ್ಕೆ ಇದ್ದಿಲು ತುಂಬಿ, ಹಿಡಿ ತಿರುಗಿಸಿ ಗಾಳಿ ಊದಿ, ಅದು ಕೆಂಪಗೆ ಹೊತ್ತಿಕೊಂಡ ಮೇಲೇ ಅದರ ಗ್ಯಾಸಿನಿಂದ ಇಂಜಿನ್ನು ಮಿಸುಕುತ್ತಿದ್ದದ್ದು. ಡ್ರೈವರ್ ದೊಡ್ಡವೆಂಕಟಪ್ಪ ಅದಕ್ಕೆ ದಿನಾ ಬೈದು, ದಿನಾ ಕೈಮುಗಿದು ಹೊರಡಿಸುತ್ತಿದ್ದ.

ರೋಗಿಗಳನ್ನು ಹೊರುವುದಕ್ಕೆ ಇಬ್ಬರನ್ನು ತೆಗೆದುಕೊಂಡರು. ಒಬ್ಬ ಮಾಸ್ತಿ ಕಡೆಯ ಕೊಂಡಪ್ಪ. ಕಲ್ಲುಗುಂಡಿನಂಥ ಆಳು, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು. ಇನ್ನೊಬ್ಬ ಕದಿರೇಶ. ಮುಳಬಾಗಿಲಿಗೆ ನಡೆದು ಬರುವಷ್ಟು ಹತ್ತಿರದ ಹಳ್ಳಿಯವನು, ಗಂಡ ತೀರಿಕೊಂಡ ಮುನಿಯಲ್ಲಮ್ಮನ ಒಬ್ಬನೇ ಮಗ. ಇಬ್ಬರಿಗೂ ಕೆಲಸ ಕಲಿಸಲು ಬಂದವರು ಆವಲಪ್ಪ ಮೇಷ್ಟ್ರು. ಚಿನ್ನದ ಗಣಿಯ ಆಳದಿಂದ ಗಾಯಾಳುಗಳನ್ನು ಹೊತ್ತು ತರುವ ತಂಡದಲ್ಲೇ ತಲೆ ನರೆಸಿದವರು. ಅವರ ಬಾಯಲ್ಲಿ ಕನ್ನಡ ತೆಲುಗು ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು.

ಕೊಂಡಪ್ಪನನ್ನು ಎತ್ತಿ ಕಲಿಯುವುದು ಆಗದ ಮಾತು. ಆದ್ದರಿಂದ ಕದಿರೇಶ ಮಲಗುವುದು, ಕೊಂಡಪ್ಪನೂ ದೊಡ್ಡವೆಂಕಟಪ್ಪನೂ ಹೊರುವುದು ಅಂತಾಯಿತು. ಕದಿರೇಶ ಹೊರುವ ಸರದಿ ಬಂದಾಗ ಸ್ಟ್ರೆಚರಿನ ಮೇಲೆ ಮರಳಿನ ಚೀಲ.

"ಮೆಲ್ಲಗೆ ರಾ! ರಾಗಿ ಮೂಟೆ ಕಾದು, ಮೂಟೆ ಅಲ್ಲ, ಮನುಷ್ಯ ಅವನು," ಎಂದು ಮೇಷ್ಟ್ರು ಕೂಗುವರು. "ಜೊತೆ ಹೆಜ್ಜೆ ಹಾಕಬೇಡಿ. ಮುಂದಿನವನು ಎಡಗಾಲಿಟ್ಟರೆ ಹಿಂದಿನವನು ಬಲಗಾಲಿಡಬೇಕು. ಇಬ್ಬರೂ ಒಂದೇ ಕಾಲಿಟ್ಟರೆ ತೊಟ್ಟಿಲು ತೂಗಿದ ಹಾಗೆ ತೂಗುತ್ತೆ. ತೊಟ್ಟಿಲಲ್ಲಿ ಮಗು ಮಲಗುತ್ತೆ ನಿಜ, ಮುರಿದ ಮೂಳೆ ಮಲಗುತ್ತಾ?"

ಇನ್ನೊಂದು ಪಾಠವನ್ನು ಅವರು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. "ಹೊರುವಾಗ ರೋಗಿಯ ಕಾಲು ಮುಂದೆ, ತಲೆ ಹಿಂದೆ. ಯಾಕೆ? ಹಿಂದೆ ಹಿಡಿದವನ ಕಣ್ಣ ಕೆಳಗೇ ಅವನ ಮುಖ ಇರಬೇಕು. ತುಟಿ ಬಿಳಚಿಕೊಂಡರೆ, ಹಣೆ ಬೆವೆತರೆ, ಉಸಿರು ಸಣ್ಣಗಾದರೆ ಹಿಂದಿನವನಿಗೇ ಮೊದಲು ಗೊತ್ತಾಗಬೇಕು. ಕೈ ಎಷ್ಟೇ ಗಟ್ಟಿಯಿರಲಿ, ಕಣ್ಣು ಬೇರೆ ಕಡೆ ಹೋಯಿತೋ, ಹೊತ್ತದ್ದೆಲ್ಲ ದಂಡ."

ಮಲಗಿ ಮಲಗಿ ಕದಿರೇಶ ಬೇರೆಯದೇ ಒಂದು ಪಾಠ ಕಲಿತ. ಅಂಗಾತ ಮಲಗಿದವನಿಗೆ ಊರು ಕಾಣುವುದಿಲ್ಲ, ಮರದ ತುದಿ ಕಾಣುತ್ತದೆ. ಮನುಷ್ಯರು ಕಾಣುವುದಿಲ್ಲ, ಅವರ ಗದ್ದ ಕಾಣುತ್ತದೆ. ಹೇಳದೆ ಕೇಳದೆ ಎತ್ತಿದರೆ ಹೊಟ್ಟೆಯೊಳಗೆ ಕಲ್ಲು ಬಿದ್ದಂತಾಗುತ್ತದೆ. ಅದೇ "ಎತ್ತುತೀನಿ ಕಣಪ್ಪ" ಎಂದು ಒಂದು ಮಾತು ಹೇಳಿ ಎತ್ತಿದರೆ ಅದೇ ಎತ್ತುವಿಕೆ ಹೂವಿನಷ್ಟು ಹಗುರ. ಹಾಗಾಗಿ ಅವನು ತನ್ನ ಸರದಿ ಬಂದಾಗ ಮರಳಿನ ಚೀಲಕ್ಕೂ ಹೇಳಿಯೇ ಎತ್ತುತ್ತಿದ್ದ.

"ಲೇ, ಚೀಲ ಏನಂತು?" ಎಂದು ಕೊಂಡಪ್ಪ ಕೇಳುವನು.

"ನಿನ್ನ ಕೈ ಬೆವರುತ್ತೆ, ಬೇರೆಯವರನ್ನ ಕಳಿಸು ಅಂತು."

ಹೀಗೇ ನಗುನಗುತ್ತ ನಡೆಯುತ್ತಿದ್ದ ಕಲಿಕೆಗೆ ಒಂದು ಸಂತೆಯ ದಿನ ವಿಘ್ನ ಬಂತು. ಕದಿರೇಶನ ಪಕ್ಕದ ಮನೆಯ ಅಕ್ಕಯಮ್ಮ ಸೊಪ್ಪು ಮಾರಿ ವಾಪಸಾಗುವಾಗ ದವಾಖಾನೆಯ ಬೇಲಿಯ ಸಂದಿಯಿಂದ ಇಣುಕಿದಳು. ಎರಡು ಗಳಗಳ ನಡುವೆ ಬಟ್ಟೆ, ಅದರ ಮೇಲೆ ಬಿಳಿ ಹೊದಿಕೆ ಹೊದೆಸಿದ ಕದಿರೇಶ. ಕಣ್ಣು ಮುಚ್ಚಿದೆ. ಇಬ್ಬರು ಗಂಡಸರು ಕಾಲು ಮುಂದಾಗಿ ಹೊತ್ತುಕೊಂಡು ಹೋಗುತ್ತಿದ್ದಾರೆ. ಅಕ್ಕಯಮ್ಮ ಬುಟ್ಟಿಯನ್ನು ಅಲ್ಲೇ ಎಸೆದು ಊರಿಗೆ ಓಡಿದಳು.

ಸ್ವಲ್ಪ ಹೊತ್ತಿಗೆ ತಲೆ ಕೆದರಿಕೊಂಡು, ಎದೆ ಬಡಿದುಕೊಳ್ಳುತ್ತ ಮುನಿಯಲ್ಲಮ್ಮ ದವಾಖಾನೆಯ ಹಿತ್ತಲಿಗೆ ನುಗ್ಗಿದಾಗ ಅವಳ ಮಗ ಅದೇ ಸ್ಟ್ರೆಚರಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪುರಿ ತಿನ್ನುತ್ತಿದ್ದ.

ಮುನಿಯಲ್ಲಮ್ಮ ನಿಂತಲ್ಲೇ ನಿಂತಳು. ಆಮೇಲೆ ಹತ್ತಿರ ಬಂದು ಅವನ ತಲೆ, ಭುಜ, ಮೊಣಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

"ನೋಡಿ ಅಮ್ಮಾ," ಕೊಂಡಪ್ಪ ಕೈಕಟ್ಟಿ ನಿಂತು ಹೇಳಿದ. "ನಾವು ಹೊತ್ತ ಹೆಣ ಎಷ್ಟು ಚೆನ್ನಾಗಿ ಪುರಿ ತಿಂತಾ ಇದೆ."

ಮುನಿಯಲ್ಲಮ್ಮ ಅವನ ಬೆನ್ನಿಗೆ ಒಂದು ಗುದ್ದಿದಳು. ಮಗನ ಕಿವಿ ಹಿಂಡಿದಳು. ಆಮೇಲೆ ನೆಲದ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅವಳು ಕೆಲಸ ಬಿಡು ಅನ್ನಲಿಲ್ಲ. ಆದರೆ ಆ ಸಂಜೆಯಿಂದ ಒಂದು ಕಟ್ಟಳೆ ಮಾಡಿದಳು. ಮಗ ಬರುವ ಹೊತ್ತಿಗೆ ಅಂಗಳದ ಹಂಡೆಯಲ್ಲಿ ನೀರು ಕಾದಿರಬೇಕು, ಅದರಲ್ಲಿ ಬೇವಿನ ಸೊಪ್ಪು ತೇಲುತ್ತಿರಬೇಕು. ಅವನು ಉಟ್ಟ ಬಟ್ಟೆ ಅಲ್ಲೇ ಕಳಚಿ, ತಲೆಯ ಮೇಲೆ ನೀರು ಹುಯ್ದುಕೊಂಡೇ ಹೊಸ್ತಿಲು ದಾಟಬೇಕು. ಸ್ಮಶಾನದಿಂದ ಬಂದವರು ಮಾಡುವ ಹಾಗೆ.

"ಅಮ್ಮಾ, ನಾವು ಬದುಕಿರೋರನ್ನ ಹೊರೋದು," ಎಂದು ಕದಿರೇಶ ಹೇಳಿದ.

"ಚಟ್ಟ ಚಟ್ಟವೇ ಕಣೋ. ಅದರ ಮೇಲೆ ಯಾರು ಮಲಗಿದ್ರೇನು?"

"ಅದಕ್ಕೆ ಸ್ಟ್ರೆಚರ್ ಅಂತಾರೆ."

"ಏನಾದ್ರೂ ಅನ್ನಲಿ. ನಾಳೆ ನಿನಗೆ ಯಾರು ಹೆಣ್ಣು ಕೊಡ್ತಾರೆ? ನಿಮ್ಮಪ್ಪನ್ನ ಹಂಗೇ ಹೊತ್ಕೊಂಡು ಹೋದ್ರು. ಆಗ ನೀನು ನನ್ನ ಸೊಂಟದ ಮೇಲಿದ್ದೆ. ಅವರ ಪಾದ ಮೊದಲು ಹೊಸ್ತಿಲು ದಾಟಿತು. ನಾನು ಮುಖ ನೋಡೋಣ ಅಂತಿದ್ದೆ, ಅಷ್ಟರಲ್ಲಿ ಹೊರಗೆ ಹೋಗ್ಬಿಟ್ರು." ಅಷ್ಟು ಹೇಳಿ ಅವಳು ಒಲೆಗೆ ಸೌದೆ ಮುಂದಕ್ಕೆ ತಳ್ಳಿದಳು.

ಕದಿರೇಶ ಆಮೇಲೆ ವಾದ ಮಾಡಲಿಲ್ಲ. ಚಳಿಯಿರಲಿ ಮಳೆಯಿರಲಿ, ದಿನಾ ಅಂಗಳದಲ್ಲಿ ಮಿಂದ. ಅವಳೂ ಒಂದು ದಿನ ತಪ್ಪದೆ ನೀರು ಕಾಯಿಸಿದಳು. ನೀರು ಹದವಾಗಿರುತ್ತಿತ್ತು, ಟವಲು ಕೈಗೆ ಸಿಗುವಲ್ಲಿ ಇರುತ್ತಿತ್ತು. ಆದರೆ ಇವತ್ತು ಯಾರನ್ನು ತಂದಿರಿ, ಅವರು ಹೇಗಿದ್ದಾರೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಶ್ರೀನಿವಾಸಪುರದ ರಸ್ತೆಯಲ್ಲಿ ಲಾರಿಯಡಿ ಸಿಕ್ಕಿದ್ದ ಮುದುಕನೊಬ್ಬ ತಾನಾಗಿ ಎದ್ದು ನಡೆದ ದಿನ ಅದನ್ನು ಅಮ್ಮನಿಗೆ ಹೇಳಬೇಕೆಂದು ಕದಿರೇಶ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಬೇವಿನ ನೀರು ತಲೆಯ ಮೇಲೆ ಬಿದ್ದ ಹಾಗೇ ಆ ಮಾತೂ ಹರಿದುಹೋಯಿತು.

ಹುಣಸೆಹಣ್ಣು ಬಡಿಯುವ ಕಾಲ ಬಂತು. ಒಂದು ಮಧ್ಯಾಹ್ನ ಕದಿರೇಶ ಕಟ್ಟು ಪಟ್ಟಿಗಳನ್ನು ಸುರುಳಿ ಸುತ್ತುತ್ತ ಕೂತಿದ್ದಾಗ ಅವನ ಹಳ್ಳಿಯ ಪೆದ್ದಪ್ಪ ಸೈಕಲ್ ತುಳಿದುಕೊಂಡು ಬಂದ. ಇಳಿಯುವ ಮೊದಲೇ ಕೂಗಿದ.

"ಕದಿರೇಶಾ, ನಿಮ್ಮಮ್ಮ ಅಟ್ಟದಿಂದ ಬಿದ್ದಳು ಕಣೋ! ಹುಣಸೆ ತುಂಬೋಕೆ ಗುಡಾಣ ಇಳಿಸ್ತಿದ್ದಳು, ಏಣಿ ಜಾರಿತು. ತೊಡೆ ಊದಿದೆ, ಪಾದ ಹೊರಕ್ಕೆ ತಿರುಗಿಕೊಂಡುಬಿಟ್ಟಿದೆ. ಗಾಡಿ ಕಟ್ಟಿಸ್ತಾ ಇದಾರೆ."

"ಗಾಡಿ ಬೇಡ! ಗಾಡೀಗೆ ಹಾಕಬೇಡಿ ಅಂತ ಹೇಳು ಹೋಗು!" ಕದಿರೇಶ ಎದ್ದ. ತೊಡೆಯ ಮೂಳೆ ಮುರಿದರೆ ಏನಾಗುತ್ತದೆ ಎಂದು ಮೇಷ್ಟ್ರು ಹೇಳಿದ್ದು ಕಿವಿಯಲ್ಲೇ ಇತ್ತು. ರಕ್ತ ಹೊರಗೆ ಕಾಣುವುದಿಲ್ಲ, ಒಳಗೇ ಬಿಂದಿಗೆಯಂತೆ ತುಂಬುತ್ತದೆ. ಕುಲುಕಿದಷ್ಟೂ ಮೂಳೆಯ ಚೂಪು ಮಾಂಸವನ್ನು ಹರಿಯುತ್ತದೆ. ಎತ್ತಿನ ಗಾಡಿಯಲ್ಲಿ ಕೋಲಾರದ ದೊಡ್ಡ ಆಸ್ಪತ್ರೆ ಸೇರುವುದಿರಲಿ, ಕೆರೆ ಏರಿ ದಾಟುವುದೇ ಕಷ್ಟ.

ದೊಡ್ಡವೆಂಕಟಪ್ಪ ಏನೂ ಕೇಳದೆ ಒಲೆಯ ಹಿಡಿ ತಿರುಗಿಸತೊಡಗಿದ. ಆವತ್ತು ಅವನು ಅದಕ್ಕೆ ಬೈಯಲಿಲ್ಲ.

ವ್ಯಾನು ಊರೊಳಗೆ ಹೋಗುವುದಿಲ್ಲ. ರಸ್ತೆ ಬದಿಯ ಆಲದ ಮರದಡಿ ಅದನ್ನು ನಿಲ್ಲಿಸಿ ಕದಿರೇಶನೂ ಕೊಂಡಪ್ಪನೂ ಸ್ಟ್ರೆಚರ್ ಹಿಡಿದು ಏರಿಯ ಮೇಲೆ ಓಡಿದರು. ಮನೆ ಮುಂದೆ ಗಾಡಿ ನಿಂತಿತ್ತು. ಹೆಂಗಸರು ಜಗುಲಿ ತುಂಬ. ಮುನಿಯಲ್ಲಮ್ಮ ನಡುಮನೆಯಲ್ಲಿ ಅಟ್ಟದ ಕೆಳಗೆ ಬಿದ್ದಲ್ಲೇ ಇದ್ದಳು. ಸುತ್ತ ಗುಡಾಣದ ಚೂರು. ಅಕ್ಕಯಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಜ್ಜಿಗೆ ಕುಡಿಸಲು ನೋಡುತ್ತಿದ್ದಳು.

"ಅತ್ತೇ, ಈಗ ಬಾಯಿಗೆ ಏನೂ ಬೇಡ," ಎಂದು ಕದಿರೇಶ ಲೋಟ ತೆಗೆದಿಟ್ಟ.

ಮುನಿಯಲ್ಲಮ್ಮನ ಕಣ್ಣು ಮಗನ ಮೇಲೆ ನಿಲ್ಲಲಿಲ್ಲ. ಅವನ ಬೆನ್ನ ಹಿಂದೆ ಕೊಂಡಪ್ಪ ಹಿಡಿದಿದ್ದ ಎರಡು ಗಳಗಳ ಮೇಲೆ ನಿಂತಿತು.

"ಅದನ್ನ ಯಾಕೆ ತಂದೆ?"

"ನಿನ್ನ ಕರ್ಕೊಂಡು ಹೋಗೋಕೆ ಅಮ್ಮಾ."

"ನಾನು ಅದರ ಮೇಲೆ ಮಲಗಲ್ಲ. ಗಾಡಿ ಇದೆ."

"ಗಾಡೀಲಿ ಹೋದ್ರೆ ನೀನು ಉಳಿಯಲ್ಲ."

ಅಷ್ಟು ನೆಟ್ಟಗೆ ಹೇಳಬೇಕೆಂದು ಅವನು ಅಂದುಕೊಂಡಿರಲಿಲ್ಲ. ಮುನಿಯಲ್ಲಮ್ಮ ಆಗ ಅವನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹೀಗೇ ಅವನ ಕೆಳತುಟಿ ನಡುಗುತ್ತಿತ್ತು.

"ಏನು ಮಾಡ್ತೀಯೋ ಮಾಡು," ಅಂದಳು. "ನಾನು ಕಣ್ಣು ಮುಚ್ಕೊಂಡಿರ್ತೀನಿ."

ಕದಿರೇಶ ಮಂಡಿಯೂರಿದ. "ಅಮ್ಮಾ, ಈಗ ನಿನ್ನ ಪಾದ ಹಿಡೀತೀನಿ. ಹಿಡಿದೆ. ಈಗ ಸ್ವಲ್ಪ ನೇರ ಮಾಡ್ತೀನಿ, ನೋವಾಗುತ್ತೆ, ಕೂಗಿಕೋ." ಅವಳು ಹಲ್ಲು ಕಚ್ಚಿದಳೇ ಹೊರತು ಕೂಗಲಿಲ್ಲ. ಅವಳದೇ ಹಳೇ ಸೀರೆಗಳನ್ನು ಮೆತ್ತಗೆ ಮಡಿಸಿ, ಕಂಕುಳಿನಿಂದ ಪಾದದವರೆಗೂ ಉದ್ದನೆಯ ದಬ್ಬೆ ಇಟ್ಟು, ಎರಡು ಕಾಲನ್ನೂ ಜೋಡಿಸಿ ಕಟ್ಟಿದರು. ಕಾಲ ಸುತ್ತ ದುಪ್ಪಟಿ ಸುತ್ತಿ ಎತ್ತರ ಮಾಡಿದರು. ಒಂದೊಂದು ಗಂಟಿಗೂ ಅವನು ಮೊದಲು ಹೇಳಿ ಆಮೇಲೆ ಕೈ ಹಾಕಿದ. ಕೊಂಡಪ್ಪನ ಬಾಯಿಂದ ಆವತ್ತು ಒಂದು ತಮಾಷೆಯೂ ಹೊರಬರಲಿಲ್ಲ.

"ಈಗ ಎತ್ತುತೀವಿ ಅಮ್ಮಾ."

ಎತ್ತಿದರು. ಕೈಗೆ ಅಭ್ಯಾಸವಾದದ್ದನ್ನು ಕೈ ಮಾಡಿತು. ಕೊಂಡಪ್ಪ ಕಾಲ ಕಡೆ ಹಿಡಿದು ಬಾಗಿಲಿನತ್ತ ಮುಂದಾದ, ಕದಿರೇಶ ತಲೆ ಕಡೆ ಹಿಡಿದು ಹಿಂದೆ ಹೊರಟ. ಇದುವರೆಗೆ ಅವರು ಯಾರನ್ನೂ ಮನೆಯೊಳಗಿನಿಂದ ತೆಗೆದಿರಲಿಲ್ಲ. ಎತ್ತಿದ್ದೆಲ್ಲ ರಸ್ತೆಯಿಂದ, ಹಳ್ಳದಿಂದ. ರಸ್ತೆಗೆ ಹೊಸ್ತಿಲಿಲ್ಲ.

ಮುನಿಯಲ್ಲಮ್ಮನ ಪಾದ ಹೊಸ್ತಿಲು ದಾಟಿದ್ದೇ ತಡ, ಅಷ್ಟರಲ್ಲಿ ಜಗುಲಿಗೆ ಸರಿದಿದ್ದ ಅಕ್ಕಯಮ್ಮ "ಅಯ್ಯೋ ನನ್ನವ್ವಾ, ಹೊರಟೇ ಹೋದೆಯಾ" ಎಂದು ರಾಗವಾಗಿ ದನಿಯೆತ್ತಿದಳು. ಅಳು ಒಬ್ಬರ ಸ್ವತ್ತಲ್ಲ. ಉಳಿದ ಹೆಂಗಸರೂ ತಲೆ ತಲೆ ಸೇರಿಸಿ ಅದೇ ರಾಗ ಹಿಡಿದರು. ಹಿಂದಿನ ಸಾಲಿನಲ್ಲಿದ್ದವರಂತೂ ಅವಳು ಸತ್ತೇ ಹೋದಳೆಂದು ನಂಬಿ ನೆಲ ಬಡಿದರು.

ಮುನಿಯಲ್ಲಮ್ಮ ಕಣ್ಣು ಬಿಟ್ಟಳು. ತಲೆಯ ಮೇಲೆ ಬಾಗಿಲ ಮೇಲ್ಪಟ್ಟಿ. ಕಿವಿ ತುಂಬ ತನ್ನದೇ ಹೆಸರು ಹಿಡಿದು ಅಳುವ ಸದ್ದು. ಅವಳು ಎರಡೂ ಕೈಚಾಚಿ ಬಾಗಿಲ ತೋಳುಗಳನ್ನು ಹಿಡಿದುಕೊಂಡುಬಿಟ್ಟಳು.

"ನಿಲ್ಲಿಸೋ! ನನ್ನ ಕಾಲು ಮುಂದೆ ಹೋಗ್ತಾ ಇದೆ!"

"ಅಮ್ಮಾ, ಕೈ ಬಿಡು. ಮೈ ಅಲುಗಿಸಬೇಡ."

"ಬಿಡಲ್ಲ. ಹುಟ್ಟೋದು ತಲೆ ಮುಂದೆ ಕಣೋ, ಹೋಗೋದು ಕಾಲು ಮುಂದೆ. ನಾನಿನ್ನೂ ಹೋಗ್ತಿಲ್ಲ!"

ಅವಳ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಹಣೆಯಲ್ಲಿ ಬೆವರು. ಎಳೆದಾಡಿದರೆ ಕಟ್ಟಿದ ದಬ್ಬೆಯೂ ಉಪಯೋಗಕ್ಕೆ ಬಾರದು. ಕದಿರೇಶನಿಗೆ ಅಪ್ಪನ ಮುಖ ನೆನಪಿಲ್ಲ. ಆದರೆ ಆ ಹೊಸ್ತಿಲ ಮೇಲೆ ಅಮ್ಮ ಏನನ್ನು ನೋಡುತ್ತಿದ್ದಾಳೆಂದು ಅವನಿಗೆ ಆಗ ತಿಳಿಯಿತು.

"ತಪ್ಪಾಯ್ತು ಅಮ್ಮಾ. ಒಳಗೆ ತಗೊಂಡು ಹೋಗ್ತೀವಿ, ತಿರುಗಿಸ್ತೀವಿ. ಕೈ ಬಿಡು." ಮೆಲ್ಲಗೆ ಹಿಂದಕ್ಕೆ ಸರಿದು ನಡುಮನೆಯಲ್ಲಿ ಇಳಿಸಿದರು.

ಕೊಂಡಪ್ಪ ಪಿಸುಗುಟ್ಟಿದ. "ಲೇ, ತಲೆ ಮುಂದೆ ಮಾಡಿದ್ರೆ ನಿನ್ನ ಬೆನ್ನು ಅವರ ಕಡೆ ಆಗುತ್ತೆ. ನಾನು ಕಾಲ ಹತ್ತಿರ. ದುಪ್ಪಟಿ ಅಡ್ಡ, ನನಗೆ ತುಟಿ ಕಾಣಲ್ಲ. ಮೇಷ್ಟ್ರು ಏನಂದಿದ್ರು?"

"ಮುಖ ನೋಡ್ತಿರಬೇಕು ಅಂದಿದ್ರು."

"ಮತ್ತೆ?"

"ನೋಡ್ತಿರ್ತೀನಿ. ನಾನು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡ್ತಾ ನಡೀತೀನಿ."

"ಏರಿ ಮೇಲಾ? ಬಿದ್ರೆ ಕೆರೆಗೇ."

"ನೀನು ದಾರಿ ಹೇಳು."

ಸ್ಟ್ರೆಚರ್ ತಿರುಗಿಸಿದರು. ಕದಿರೇಶ ಅಮ್ಮನ ತಲೆಯ ಕಡೆ, ಬಾಗಿಲಿಗೆ ಬೆನ್ನು ಮಾಡಿ ನಿಂತ. ಅವಳ ಮುಖ ಅವನ ಕಣ್ಣ ಕೆಳಗೇ, ತಲೆಕೆಳಗಾಗಿ. ಅವಳಿಗೂ ಅವನ ಮುಖ ತಲೆಕೆಳಗಾಗಿ.

"ಅತ್ತೇ, ಅಳು ನಿಲ್ಲಿಸಿ," ಕೊಂಡಪ್ಪ ಜಗುಲಿಯತ್ತ ಕೂಗಿದ. "ತಾಯಿ ಕೋಲಾರಕ್ಕೆ ಹೊರಟವ್ರೆ. ಬರೋವಾಗ ಏನು ತರಬೇಕು ಅಂತ ಕೇಳಿ ಕಳಿಸಿ."

ಅಕ್ಕಯಮ್ಮ ಮೂಗು ಒರೆಸಿಕೊಂಡಳು. ಮುನಿಯಲ್ಲಮ್ಮನ ತಲೆ ಹೊಸ್ತಿಲು ದಾಟಿತು, ಆಮೇಲೆ ಎದೆ, ಆಮೇಲೆ ಕಟ್ಟಿದ ಕಾಲು. ಹೆಂಗಸರು ಉಸಿರು ಹಿಡಿದು ನೋಡಿ, ದಾರಿ ಬಿಟ್ಟರು.

ಹಿಮ್ಮುಖವಾಗಿ ನಡೆಯುವುದು ಹೇಳಿದಷ್ಟು ಸುಲಭವಲ್ಲ. ಕೊಂಡಪ್ಪ ಎದುರುಮುಖವಾಗಿದ್ದ. ಅವನು "ಎಡಕ್ಕೆ, ಎಡಕ್ಕೆ" ಅಂದಾಗ ಕದಿರೇಶ ತನ್ನ ಎಡಕ್ಕೆ ಸರಿದು ಬಾವಿಯ ಕಟ್ಟೆಗೆ ಹಿಮ್ಮಡಿ ಹೊಡೆದ. ಸ್ಟ್ರೆಚರ್ ಅಲುಗಿತು. ಮುನಿಯಲ್ಲಮ್ಮ ನರಳಿದಳು.

"ಅವನ ಎಡ ನಿನ್ನ ಬಲ ಕಣೋ, ಪೆದ್ದ," ಅಂದಳು. ದನಿ ಸಣ್ಣಗಿತ್ತು, ಆದರೆ ಅದು ಮನೆಯ ದನಿ. "ಅವನ ಮಾತು ಬಿಡು. ನನ್ನ ಎಡ ನಿನ್ನ ಎಡ ಒಂದೇ. ನಾನು ಹೇಳ್ತೀನಿ."

"ನಿನಗೆ ದಾರಿ ಎಲ್ಲಿ ಕಾಣುತ್ತೆ ಅಮ್ಮಾ?"

"ಮರ ಕಾಣುತ್ತಲ್ಲ. ಎಷ್ಟು ವರ್ಷ ನೀರು ಹೊತ್ತಿದೀನಿ ಈ ದಾರೀಲಿ? ಈಗ ಹೊಂಗೆ ಕೊಂಬೆ ಬಂತು. ಅದರ ಕೆಳಗೆ ಒಂದು ಕಲ್ಲು ಎದ್ದಿದೆ, ಬಲಕ್ಕೆ ಸರಿ."

ಅವನು ಬಲಕ್ಕೆ ಸರಿದ. ಕಲ್ಲು ಅವನ ಎಡಗಾಲಿನ ಪಕ್ಕದಲ್ಲಿ ಹಾದುಹೋಯಿತು.

"ಈಗ ಹುಣಸೆ. ಬೇರಿದೆ, ಕಾಲೆತ್ತಿಡು. ಹಾಂ. ಇನ್ನೊಂದು."

ಅವನು ಕಾಲೆತ್ತಿಟ್ಟ. ಅವನ ಕಣ್ಣು ಅವಳ ತುಟಿಯ ಮೇಲೆ, ಹಣೆಯ ಮೇಲೆ, ಮೂಗಿನ ಹೊಳ್ಳೆಯ ಮೇಲೆ. ಹುಟ್ಟಿದಾಗಿನಿಂದ ನೋಡಿದ ಮುಖ. ಆದರೆ ಇಷ್ಟು ಹೊತ್ತು ರೆಪ್ಪೆ ಮುಚ್ಚದೆ ಅವನು ಅದನ್ನು ಎಂದೂ ನೋಡಿರಲಿಲ್ಲ. ಹುಬ್ಬಿನ ಪಕ್ಕ ಒಂದು ಹಳೇ ಗಾಯದ ಗುರುತಿತ್ತು. ಅದು ಹೇಗಾಯಿತೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಅಮ್ಮಾ, ಹುಬ್ಬಿನ ಹತ್ತಿರ ಇದೇನು?"

"ಅದಾ?" ಅವಳ ತುಟಿಯ ಕೊನೆ ಸ್ವಲ್ಪ ಎದ್ದಿತು. "ನೀನು ಹೆಜ್ಜೆ ಇಡೋಕೆ ಕಲೀತಿದ್ದೆ. ನಿನ್ನ ಎರಡು ಕೈ ಹಿಡ್ಕೊಂಡು ನಾನೂ ಹಿಂಗೇ ಹಿಂದಕ್ಕೆ ಹಿಂದಕ್ಕೆ ನಡೀತಿದ್ದೆ. ರಾಗಿಕಲ್ಲು ತಗಲಿ ಬಿದ್ದೆ, ಹಲಗೆ ಮೂಲೆ ಹೊಡೀತು. ನೀನು ಚಪ್ಪಾಳೆ ಹೊಡೆದು ನಕ್ಕೆ."

ಕೊಂಡಪ್ಪ ಕಾಲ ಕಡೆಯಿಂದ ಸೊರ್ರನೆ ಮೂಗೆಳೆದುಕೊಂಡ. ಬೆವರು ಅಂದುಕೊಳ್ಳಲಿ ಎಂದು ಭುಜಕ್ಕೆ ಮುಖ ಒರೆಸಿದ.

ಏರಿ ಹತ್ತಿದರು. ಒಂದು ಕಡೆ ಕೆರೆಯ ನೀರು, ಇನ್ನೊಂದು ಕಡೆ ಕೆಳಗೆ ಗದ್ದೆ. ಅಲ್ಲಿಗೆ ಬರುವಷ್ಟರಲ್ಲಿ ಮುನಿಯಲ್ಲಮ್ಮನ ಮಾತು ನಿಂತಿತು. ಕದಿರೇಶ ಎರಡು ಹೆಜ್ಜೆ ಇಟ್ಟ. ಅವಳ ತುಟಿ ಸುಣ್ಣದ ಬಣ್ಣಕ್ಕೆ ತಿರುಗುತ್ತಿತ್ತು. ಕಣ್ಣು ಅರ್ಧ ತೆರೆದಿತ್ತು, ಅದರಲ್ಲಿ ನೋಟವಿರಲಿಲ್ಲ.

"ಇಳಿಸು!"

ಇಳಿಸಿದರು. ಕಾಲ ಕಡೆಯನ್ನು ಏರಿಯ ಕಲ್ಲಿನ ಮೇಲೆತ್ತಿ ಇಟ್ಟು ತಲೆ ತಗ್ಗಿಸಿದರು. ಕದಿರೇಶ ನಾಡಿ ಹಿಡಿದ. ದಾರದೆಳೆಯಂತೆ ಇತ್ತು, ಓಡುತ್ತಿತ್ತು. ಕೊಂಡಪ್ಪ ತನ್ನ ಅಂಗಿಯನ್ನೂ ಬಿಚ್ಚಿ ಅವಳ ಮೇಲೆ ಹೊದೆಸಿದ. ಗಾಳಿ ನೀರಿನ ಮೇಲಿಂದ ತಣ್ಣಗೆ ಬೀಸುತ್ತಿತ್ತು. ಕಲಿತದ್ದೆಲ್ಲ ಮುಗಿದಿತ್ತು. ಇನ್ನು ಮಾಡುವುದಕ್ಕೆ ಉಳಿದದ್ದು ನೋಡುವುದು, ಕರೆಯುವುದು.

"ಅಮ್ಮಾ. ಅಮ್ಮಾ, ದಾರಿ ಹೇಳು. ನನಗೆ ಗೊತ್ತಾಗ್ತಿಲ್ಲ. ಈಗ ಯಾವ ಮರ ಬಂತು?"

ಅವನು ಅವಳ ಕೆನ್ನೆ ತಟ್ಟಿದ.

"ಯಾವ ಮರ ಅಮ್ಮಾ? ನಾನು ಬಿದ್ದುಬಿಡ್ತೀನಿ, ಹೇಳು."

ರೆಪ್ಪೆ ಒಂದು ಸಲ ಅಲುಗಿತು. ಒಣಗಿದ ತುಟಿ ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

"ಏರಿ ಮೇಲೆ ಮರ ಎಲ್ಲಿದೆಯೋ," ಅಂದಳು. "ಬರೀ ಆಕಾಶ. ನೆಟ್ಟಗೆ ನಡಿ."

ಕದಿರೇಶ ಅತ್ತುಬಿಟ್ಟ. ಅಳುತ್ತಲೇ, "ಈಗ ಎತ್ತುತೀವಿ ಅಮ್ಮಾ," ಅಂದ. ಎತ್ತಿದರು. ನೆಟ್ಟಗೆ ನಡೆದರು. ಆಲದ ಮರದ ನೆರಳು ಅವಳ ಮುಖದ ಮೇಲೆ ಬೀಳುವವರೆಗೂ ಅವನು ಪ್ರತಿ ಹೆಜ್ಜೆಗೂ ಏನಾದರೊಂದು ಕೇಳುತ್ತಲೇ ಇದ್ದ, ಅವಳು ಒಂದೊಂದು ಮಾತಿನಲ್ಲಿ ಬೈಯುತ್ತಲೇ ಇದ್ದಳು.

ದೊಡ್ಡವೆಂಕಟಪ್ಪ ಒಲೆ ಆರದಂತೆ ಗಾಳಿ ಊದುತ್ತ ಮುಖವೆಲ್ಲ ಮಸಿ ಮಾಡಿಕೊಂಡು ನಿಂತಿದ್ದ. "ವ್ಯಾನಿಗೆ ಹೆಂಗೆ ಹತ್ತಿಸಬೇಕು ರೂಲು?" ಎಂದು ಗಾಬರಿಯಲ್ಲಿ ಕೇಳಿದ.

"ತಲೆ ಮುಂದೆ," ಅಂದ ಕೊಂಡಪ್ಪ. "ಇದೊಂದರಲ್ಲಿ ರೂಲೂ ತಾಯೀನೂ ಒಂದೇ ಕಡೆ."

ಕೋಲಾರದ ದೊಡ್ಡ ಆಸ್ಪತ್ರೆಯಲ್ಲಿ ಅವಳ ಕಾಲಿಗೆ ತೂಕ ಕಟ್ಟಿ ನೇತುಹಾಕಿದರು. ಯುಗಾದಿ ಅಲ್ಲೇ ಆಯಿತು. ಬೇವುಬೆಲ್ಲವನ್ನು ಅಕ್ಕಯಮ್ಮ ಬಸ್ಸಿನಲ್ಲಿ ತಂದುಕೊಟ್ಟಳು. ಆವತ್ತು ಅತ್ತದ್ದಕ್ಕೆ ಅವಳೇ ನಾಚಿಕೊಂಡು, "ನೀನು ಹೋಗಿದ್ರೆ ನಾನು ಎಷ್ಟು ಚೆನ್ನಾಗಿ ಅಳ್ತಿದ್ದೆ ಅಂತ ನಿನಗೇ ಗೊತ್ತಾಯ್ತಲ್ಲ," ಅಂದಳು. ಮುನಿಯಲ್ಲಮ್ಮ ನಕ್ಕದ್ದಕ್ಕೆ ಕಾಲು ನೊಂದು, ನರ್ಸಮ್ಮ ಬಂದು ಇಬ್ಬರನ್ನೂ ಗದರಿಸಬೇಕಾಯಿತು.

ಕದಿರೇಶ ಆವಲಪ್ಪ ಮೇಷ್ಟ್ರ ಮುಂದೆ ಹೋಗಿ ತಲೆ ತಗ್ಗಿಸಿ ನಿಂತಿದ್ದ. "ನೀವು ಹೇಳಿಕೊಟ್ಟದ್ದನ್ನ ಮುರಿದೆ ಮೇಷ್ಟ್ರೇ."

"ಮುಖ ನೋಡ್ತಾ ಇದ್ದೆಯಾ?"

"ಇದ್ದೆ."

"ಮತ್ತೆ ಮುರಿದದ್ದು ಏನು ನಾಯನಾ?" ಮೇಷ್ಟ್ರು ಗಡ್ಡ ಕೆರೆದುಕೊಂಡರು. "ಗಣಿಯಲ್ಲಿ ಹೊಸ್ತಿಲು ಇರಲಿಲ್ಲ. ಅದನ್ನ ನಾನು ಯೋಚನೆ ಮಾಡಲೇ ಇಲ್ಲ." ಮಾರನೆಯ ಬೆಳಗ್ಗೆಯಿಂದ ದವಾಖಾನೆಯ ಬಾಗಿಲಲ್ಲಿ ಹೊಸ ಅಭ್ಯಾಸ ಶುರುವಾಯಿತು. ಹೊಸ್ತಿಲು ದಾಟುವವರೆಗೆ ತಲೆ ಮುಂದೆ, ಅಂಗಳ ಕಳೆದು ಮನೆ ಮರೆಯಾದ ಮೇಲೆ ತಿರುಗಿಸುವುದು. ಆಗಲೂ ರೋಗಿ ಕದಿರೇಶನೇ.

ಹೊಲಗಳಲ್ಲಿ ಮೊದಲ ಮಳೆಗೆ ನೇಗಿಲು ಹೂಡುವ ಹೊತ್ತಿಗೆ ಮುನಿಯಲ್ಲಮ್ಮ ಮನೆಗೆ ಬಂದಳು. ಒಂದು ಕಾಲು ಕೊಂಚ ಗಿಡ್ಡವಾಗಿತ್ತು, ಕೈಯಲ್ಲಿ ಕೋಲಿತ್ತು. ಅವಳು ಬಂದ ಮೇಲೆ ಮೊದಲ ದಿನ ಕೆಲಸಕ್ಕೆ ಹೋಗಿದ್ದ ಕದಿರೇಶ ಸಂಜೆ ಅಭ್ಯಾಸಬಲದಿಂದ ನೇರ ಅಂಗಳದ ಹಂಡೆಯ ಹತ್ತಿರ ಹೋಗಿ ನಿಂತ. ಹಂಡೆ ಬೋರಲು ಬಿದ್ದಿತ್ತು.

"ಅಮ್ಮಾ, ನೀರು?"

ಜಗುಲಿಯ ಮೇಲೆ ಕೂತಿದ್ದ ಮುನಿಯಲ್ಲಮ್ಮ ತಲೆಯೆತ್ತಿದಳು. "ಯಾಕೆ?"

"ಹೊತ್ತು ಬಂದಿದೀನಲ್ಲ."

"ಯಾರನ್ನ?"

ಅವಳು ಅದನ್ನು ಕೇಳಿದ್ದು ಇದೇ ಮೊದಲು. ಕದಿರೇಶ ಜಗುಲಿಯ ಹತ್ತಿರ ಬಂದ. "ನಂಗಲಿ ಹತ್ತಿರ ಒಬ್ಬ ಬಸುರಿ ಹೆಂಗಸನ್ನ. ಗಾಡಿ ಮಗುಚಿತ್ತು. ಕೈ ಮುರಿದಿದೆ."

"ಮಗು?"

"ಹೊಟ್ಟೆಯೊಳಗೆ ಒದೀತಾ ಇದೆಯಂತೆ. ಇಬ್ಬರೂ ಚೆನ್ನಾಗಿದಾರೆ."

"ಮತ್ತೆ ತಲೆಗೆ ಯಾಕೆ ಹುಯ್ಕೊಬೇಕು? ಕೈಕಾಲು ತೊಳ್ಕೊಂಡು ಬಾ, ಮುದ್ದೆ ಆರುತ್ತೆ. ಎಷ್ಟೊತ್ತಿಂದ ಕೂತಿದೀನಿ, ನನ್ನ ಎಬ್ಬಿಸು ಮೊದಲು."

ಅವನು ಕೋಲನ್ನು ಗೋಡೆಗೆ ಒರಗಿಸಿ ಅವಳ ಎರಡೂ ಕೈ ಹಿಡಿದ. "ಎತ್ತುತೀನಿ ಅಮ್ಮಾ," ಅಂದ. ಎತ್ತಿದ. ಬಾಗಿಲಿಗೆ ಬೆನ್ನು ಮಾಡಿ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟ. ಅವಳು ಅವನ ಕೈಯ ಆಸರೆಯಲ್ಲಿ ಕುಂಟುತ್ತ ಮುಂದೆ ಬಂದಳು.

"ಹೊಸ್ತಿಲು," ಅಂದಳು.

ಅವನು ತಿರುಗಿ ನೋಡದೆ ಕಾಲೆತ್ತಿಟ್ಟ.